ಗೋಬರ್ ಗ್ಯಾಸಿನ ಶೋಧನೆಯೂ ಅಯಾನಿಕ ದ್ರವದ ಪೊರೆಗಳೂ

ಸೆಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕಿದಲ್ಲಿ ಹೊಲಕ್ಕೆ ಸಲ್ಲತಕ್ಕ ಸಾರದ ಬಹುಭಾಗವು ಹೊಗೆಯಾಗಿ ಹೋಗುವುದೆಂಬುದು ಬೇಸಾಯಗಾರರಿಗೆ ತಿಳಿದ ವಿಷಯವೇ ಸರಿ. ಅದೇ ಸೆಗಣಿಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಉರಿಯುವ ಅನಿಲವೂ ದೊರೆಯುತ್ತದೆ, ಗೊಬ್ಬರವೂ ಉಳಿಯುತ್ತದೆ. ಗೋಬರ್ ಗ್ಯಾಸಿನ ತೊಟ್ಟಿಗಳು ಗ್ರಾಮಗಳಲ್ಲಿ ಹರಡಲು ಇದೇ ಕಾರಣವು. ಇತ್ತೀಚಿನ ವರ್ಷಗಳಲ್ಲಿ ಈ ಅನಿಲವನ್ನು ಮನೆಯ ಒಲೆಗೆ ಮಾತ್ರವಲ್ಲದೆ, ಶೋಧಿಸಿ, ಹೆಚ್ಚಿನ ಒತ್ತಡದಲ್ಲಿ ಸಿಲಿಂಡರುಗಳಿಗೆ ತುಂಬಿ, ಮೋಟಾರು ವಾಹನಗಳ ಇಂಧನವಾಗಿ ಮಾರುವ ದೊಡ್ಡ ಸ್ಥಾವರಗಳ ಪ್ರಯತ್ನವು ನಡೆದಿರುತ್ತದೆ. ೨೦೧೮ನೆಯ ಇಸವಿ ಅಕ್ಟೋಬರ್ ೧ನೆಯ ತಾರೀಖು ಭಾರತ ಸರ್ಕಾರದವರು ಈ ಉದ್ದೇಶಕ್ಕಾಗಿಯೇ 'ಸತತ್' ಎಂಬ ಯೋಜನೆಯನ್ನು ಆರಂಭಿಸಿದರು.

ಇಂಥ ಸ್ಥಾವರವನ್ನು ಕಟ್ಟಬಯಸುವವರು ಮೊದಲು ಬರುವುದು ಗ್ರಾಮದ ಮುಖಂಡರ ಬಳಿಗೆ. ಜಾಗ ಬೇಕು, ನೀರು ಬೇಕು, ಊರಿನ ಸೆಗಣಿಯನ್ನು ಹಲವು ವರ್ಷಗಳವರೆಗೆ ಕೊಡುವುದಾಗಿ ಕರಾರು ಬೇಕು. ಕೆಲವೆಡೆ ಸಹಕಾರ ಸಂಘದ ಹಣವನ್ನು ಹೂಡುವ ಪ್ರಸ್ತಾಪವೂ ಬರುವುದುಂಟು. ಆಗ ಬಣ್ಣದ ಚಿತ್ರಗಳ ಕಾಗದದಲ್ಲಿ 'ಪೊರೆ' ಎಂಬ ಮಾತು ಬರುತ್ತದೆ. ಅನಿಲವನ್ನು ಪೊರೆಯ ಮೂಲಕ ಹಾಯಿಸಿ ಶುದ್ಧಮಾಡುವುದೆಂದು ಹೇಳಲಾಗುತ್ತದೆ. ಈ ಪೊರೆಗಳಲ್ಲಿ ತೀರ ಹೊಸದಾದುದು ಅಯಾನಿಕ ದ್ರವದ ಪೊರೆ. ಅದು ಏನು, ಹೇಗೆ ಕೆಲಸಮಾಡುತ್ತದೆ, ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ತಿಳಿದುಕೊಂಡ ಮೇಲೆಯೇ ಸಹಿ ಹಾಕುವುದು ವಿಹಿತವಾಗಿದೆ.

ಅನಿಲದಲ್ಲಿ ಏನೇನಿದೆ

ತೊಟ್ಟಿಯಿಂದ ಹೊರಡುವ ಗೋಬರ್ ಗ್ಯಾಸು ಒಂದೇ ವಸ್ತುವಲ್ಲ. ಹಲವು ವಾಯುಗಳ ಮಿಶ್ರಣವಾಗಿರುತ್ತದೆ. ಅದರಲ್ಲಿ ಉರಿಯುವ ಭಾಗವು ಮೀಥೇನ್ ಎಂಬ ವಾಯು. ಜೌಗು ನೆಲದ ಕೆಸರನ್ನು ಕೋಲಿನಿಂದ ಕಲಕಿದಾಗ ಗುಳ್ಳೆಗುಳ್ಳೆಯಾಗಿ ಏಳುವುದೂ ಬಹುಮಟ್ಟಿಗೆ ಇದೇ. ನೂರು ಪಾಲು ಗ್ಯಾಸಿನಲ್ಲಿ ಮೀಥೇನ್ ಸಾಮಾನ್ಯವಾಗಿ ೫೫ರಿಂದ ೬೫ ಪಾಲು ಇರುತ್ತದೆ. ಉಳಿದುದರಲ್ಲಿ ಹೆಚ್ಚಿನದು ಇಂಗಾಲಾಮ್ಲವಾಯು, ಎಂದರೆ ಈಗ ಕಾರ್ಬನ್ ಡೈ ಆಕ್ಸೈಡ್ ಎಂದು ಕರೆಯುವ ವಾಯು. ಇದು ಉರಿಯುವುದಿಲ್ಲ; ಉರಿಯನ್ನು ಆರಿಸುವ ಗುಣವುಳ್ಳದ್ದು. ಇವಲ್ಲದೆ ನೀರಿನ ಆವಿಯೂ, ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೊಜನ್ ಸಲ್ಫೈಡ್ ಎಂಬ ಗಂಧಕದ ವಾಯುವೂ ಸ್ವಲ್ಪಮಟ್ಟಿಗೆ ಸೇರಿರುತ್ತವೆ.

ಇದನ್ನು ಕಲಸುಧಾನ್ಯದ ರಾಶಿಗೆ ಹೋಲಿಸಬಹುದು. ಬೆಲೆಯುಳ್ಳ ಕಾಳು ಮೀಥೇನ್. ತೂಕ ಹೆಚ್ಚಿಸುವ ಕಲ್ಲು ಇಂಗಾಲಾಮ್ಲವಾಯು. ಯಂತ್ರಕ್ಕೂ ಮನುಷ್ಯನಿಗೂ ಕೇಡುಮಾಡುವ ವಿಷಬೀಜ ಗಂಧಕದ ವಾಯು.

ಶೋಧನೆ ಯಾರಿಗೆ ಬೇಕು, ಯಾರಿಗೆ ಬೇಡ

ಮನೆಯ ಒಲೆಗೆ ಶೋಧನೆಯ ಅಗತ್ಯವಿಲ್ಲ. ದಿನಕ್ಕೆ ೨ ಘನಮೀಟರು ಅನಿಲ ಕೊಡುವ ತೊಟ್ಟಿಗೆ ಸುಮಾರು ೫೦ ಕಿಲೋಗ್ರಾಂ ಹಸಿ ಸೆಗಣಿ ಸಾಕು. ಅದರ ಅನಿಲವು ಇಂಗಾಲಾಮ್ಲವಾಯು ಸೇರಿದ್ದಂತೆಯೇ ಒಲೆಯಲ್ಲಿ ನೀಲಿಯಾಗಿ ಉರಿಯುತ್ತದೆ. ಒಲೆಯ ರಂಧ್ರಗಳು ಈ ಅನಿಲಕ್ಕೆ ತಕ್ಕವಾಗಿದ್ದರೆ ಸರಿ.

ಯಂತ್ರ ನಡೆಸುವುದಕ್ಕೂ ಇಂಗಾಲಾಮ್ಲವಾಯುವನ್ನು ತೆಗೆಯಲೇಬೇಕೆಂದಿಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗದವರು ಊರೊಟ್ಟಿನ ಸ್ಥಾವರವನ್ನು ಕಟ್ಟಿಸಿ, ೧೯೮೭ರಿಂದ ಅದರ ಅನಿಲವನ್ನು ಡೀಸೆಲ್ ಎಣ್ಣೆಯ ಜೊತೆಗೆ ಎಂಜಿನ್ನಿನಲ್ಲಿ ಉರಿಸಿ ಮನೆಗಳಿಗೆ ದೀಪವನ್ನೂ ನಲ್ಲಿಯ ನೀರನ್ನೂ ಒದಗಿಸಿದರು. ಮೊದಲು ಅಡಿಗೆಗೆ ಅನಿಲ ಕೊಡಬೇಕೆಂದಿದ್ದ ಯೋಚನೆಯು ಊರಿನ ಸೆಗಣಿ ಸಾಲದೆ ಕೈಗೂಡಲಿಲ್ಲ. ಸೆಗಣಿ ತಂದುಕೊಟ್ಟ ಮನೆಗಳವರು ನೀರು ಬಸಿದ ಬಗ್ಗಡವನ್ನು ಹಿಂದಕ್ಕೆ ಒಯ್ಯುವ ಏರ್ಪಾಡು ಅಲ್ಲಿತ್ತು. ಸೆಗಣಿಯ ಲೆಕ್ಕವನ್ನು ಮೊದಲು ಹಾಕಬೇಕು, ಬಗ್ಗಡವು ಕೊಟ್ಟವರಿಗೇ ಮರಳಬೇಕು ಎಂಬ ಎರಡು ಪಾಠಗಳನ್ನು ಈ ಗ್ರಾಮದಿಂದ ಕಲಿಯಬಹುದು.

ಆದರೆ ಅನಿಲವನ್ನು ಸಿಲಿಂಡರಿನಲ್ಲಿ ತುಂಬಿ ಮಾರಬೇಕಾದರೆ ವಿಷಯವೇ ಬೇರೆ. ನೂರಕ್ಕೆ ನಲವತ್ತು ಪಾಲು ಉರಿಯದ ವಾಯುವನ್ನು ಒತ್ತಿ ತುಂಬಿ ದೂರಕ್ಕೆ ಸಾಗಿಸುವುದು, ಗಾಡಿಯ ತುಂಬ ಕಲ್ಲು ಹೇರಿಕೊಂಡು ಸಂತೆಗೆ ಹೋದಂತೆ. ಆದಕಾರಣ ಭಾರತೀಯ ಮಾನಕ ೧೬೦೮೭ರ ಪ್ರಕಾರ ಹೀಗೆ ಮಾರುವ ಅನಿಲದಲ್ಲಿ ಮೀಥೇನ್ ಕಡಮೆಯೆಂದರೆ ನೂರಕ್ಕೆ ೯೦ ಪಾಲು ಇರತಕ್ಕದ್ದು. ಆ ಮಟ್ಟವನ್ನು ಮುಟ್ಟುವುದಕ್ಕಾಗಿಯೇ ಶೋಧನೆ.

ಈಗ ರೂಢಿಯಲ್ಲಿರುವ ಕ್ರಮಗಳು

ಮೊದಲನೆಯದು ನೀರಿನಿಂದ ತೊಳೆಯುವ ಕ್ರಮ. ೨೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದೇ ಒತ್ತಡಕ್ಕೆ ಹೋಲಿಸಿದರೆ, ನೀರಿನಲ್ಲಿ ಮೀಥೇನಿಗಿಂತ ಇಂಗಾಲಾಮ್ಲವಾಯುವು ಸುಮಾರು ೨೫ ಪಟ್ಟು ಹೆಚ್ಚಾಗಿ ಕರಗುತ್ತದೆ. ಎತ್ತರದ ಕೊಳವೆಯಲ್ಲಿ ಒತ್ತಡದಿಂದ ಅನಿಲವನ್ನು ಕೆಳಗಿನಿಂದಲೂ ನೀರನ್ನು ಮೇಲಿನಿಂದಲೂ ಬಿಟ್ಟರೆ ಇಂಗಾಲಾಮ್ಲವಾಯು ನೀರಿನೊಡನೆ ಇಳಿದುಹೋಗಿ ಮೀಥೇನ್ ಮೇಲೆ ನಿಲ್ಲುತ್ತದೆ. ಕ್ರಮವು ಸರಳವಾದುದು, ಆದರೆ ನೀರು ಬಹಳ ಬೇಕು, ಅದನ್ನು ಮೇಲೆತ್ತುವ ಶಕ್ತಿಯೂ ಬೇಕು. ಮಳೆ ಕಡಮೆಯಾದ ಸೀಮೆಯಲ್ಲಿ ಇದನ್ನು ಯೋಚಿಸಿ ಕೈಗೊಳ್ಳಬೇಕು.

ಎರಡನೆಯದು ಅಮೀನ್ ಎಂಬ ರಾಸಾಯನಿಕ ದ್ರಾವಣದಿಂದ ತೊಳೆಯುವುದು. ಇಲ್ಲಿ ಇಂಗಾಲಾಮ್ಲವಾಯು ದ್ರಾವಣದೊಡನೆ ಬಲವಾಗಿ ಸೇರಿಕೊಳ್ಳುತ್ತದೆ; ಮೀಥೇನ್ ನಷ್ಟವಾಗುವುದು ಬಹಳ ಕಡಮೆ. ಆದರೆ ದ್ರಾವಣವನ್ನು ಮತ್ತೆ ಉಪಯೋಗಿಸಬೇಕಾದರೆ ಅದನ್ನು ಕಾಯಿಸಿ ವಾಯುವನ್ನು ಬಿಡಿಸಬೇಕು. ಈ ಕಾಯಿಸುವ ಖರ್ಚೇ ಹೆಚ್ಚಿನದು.

ಮೂರನೆಯದು ಒತ್ತಡವನ್ನು ಏರಿಸಿ ಇಳಿಸುವ ಕ್ರಮ. ವಿಶೇಷವಾಗಿ ತಯಾರಿಸಿದ ಇದ್ದಿಲಿನ ಅಥವಾ ಜಿಯೊಲೈಟ್ ಎಂಬ ಖನಿಜದ ಹರಳುಗಳು ಒತ್ತಡದಲ್ಲಿ ಇಂಗಾಲಾಮ್ಲವಾಯುವನ್ನು ತಮ್ಮ ಮೈಗೆ ಅಂಟಿಸಿಕೊಂಡು, ಒತ್ತಡ ಇಳಿದಾಗ ಬಿಟ್ಟುಕೊಡುತ್ತವೆ.

ನಾಲ್ಕನೆಯದೇ ಪೊರೆಯ ಕ್ರಮ. ಇದಕ್ಕೆ ನೀರು ಬೇಡ, ಕಾಯಿಸುವುದು ಬೇಡ. ಅನಿಲವನ್ನು ಒತ್ತುವ ಯಂತ್ರವೊಂದಿದ್ದರೆ ಸಾಕು. ಸ್ಥಾವರವನ್ನು ಕಿರಿದಾಗಿಯೂ ಕಟ್ಟಬಹುದು. ಗ್ರಾಮಾಂತರ ಪ್ರದೇಶಕ್ಕೆ ಇದು ಹೊಂದಿಕೆಯಾದೀತೆಂದು ವಿಜ್ಞಾನಿಗಳು ಆಸೆಯಿಟ್ಟಿರುವುದು ಇದರಿಂದಲೇ.

ಪೊರೆಯು ಜರಡಿಯಲ್ಲ

ಪೊರೆ ಎಂದೊಡನೆ ಜರಡಿಯು ಮನಸ್ಸಿಗೆ ಬರುವುದು ಸಹಜ. ಆದರೆ ಈ ಎರಡು ವಾಯುಗಳ ಕಣಗಳ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಇಂಗಾಲಾಮ್ಲವಾಯುವಿನ ಕಣವು ಸುಮಾರು ೦.೩೩ ನ್ಯಾನೊಮೀಟರು, ಮೀಥೇನಿನದು ಸುಮಾರು ೦.೩೮. ನವಣೆಯನ್ನೂ ಸಾಮೆಯನ್ನೂ ಒಂದೇ ಜರಡಿಯಲ್ಲಿ ಬೇರ್ಪಡಿಸಲು ಹೊರಟಂತೆ ಇದು ಕಷ್ಟದ ಕೆಲಸ. ಆದುದರಿಂದ ಇಲ್ಲಿ ಗಾತ್ರಕ್ಕಿಂತ ಕರಗುವ ಗುಣವೇ ಹೆಚ್ಚಾಗಿ ಸಹಾಯಕ್ಕೆ ಬರುತ್ತದೆ. ಉಪ್ಪು ನೀರಿನಲ್ಲಿ ಕರಗುವುದು, ಎಣ್ಣೆಯಲ್ಲಿ ಕರಗದು. ಹಾಗೆಯೇ ಪೊರೆಯ ವಸ್ತುವಿನಲ್ಲಿ ಒಂದು ವಾಯು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಕರಗುತ್ತದೆ. ಒತ್ತಡ ಹೆಚ್ಚಾಗಿರುವ ಕಡೆಯಲ್ಲಿ ವಾಯುವು ಪೊರೆಯೊಳಗೆ ಕರಗಿ, ಒಳಗಿಂದೊಳಗೇ ಸರಿದು, ಒತ್ತಡ ಕಡಮೆಯಾಗಿರುವ ಕಡೆಯಲ್ಲಿ ಹೊರಬೀಳುತ್ತದೆ.

ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. ೧೮೩೧ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ವೈದ್ಯರಾದ ಜಾನ್ ಮಿಚೆಲ್ ಎಂಬವರು ರಬ್ಬರಿನ ಚೀಲಗಳಲ್ಲಿ ತುಂಬಿದ ವಾಯುಗಳು ಒಂದೊಂದು ಒಂದೊಂದು ವೇಗದಲ್ಲಿ ಹೊರಗೆ ಹೋಗುವುದನ್ನು ಕಂಡು ಬರೆದರು. ೧೮೬೬ರಲ್ಲಿ ಬ್ರಿಟನ್ನಿನ ಥಾಮಸ್ ಗ್ರಹಾಂ ಅವರು ವಾಯುವು ರಬ್ಬರಿನಲ್ಲಿ ಮೊದಲು ಕರಗಿ ಆಮೇಲೆ ಹಾಯುತ್ತದೆಂದು ವಿವರಿಸಿದರು. ಆದರೆ ದಪ್ಪ ಪೊರೆಯಲ್ಲಿ ವಾಯು ಹಾಯುವುದು ಬಹಳ ನಿಧಾನವಾದ್ದರಿಂದ ನೂರು ವರ್ಷಗಳವರೆಗೆ ಇದರಿಂದ ವ್ಯಾಪಾರದ ಪ್ರಯೋಜನವಾಗಲಿಲ್ಲ. ೧೯೬೦ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಯೆಬ್ ಎಂಬವರೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರೂ ಉಪ್ಪುನೀರನ್ನು ಸಿಹಿಮಾಡುವ ಕೆಲಸಕ್ಕಾಗಿ, ಮೇಲೆ ಅತ್ಯಂತ ತೆಳುವಾದ ಪದರವೂ ಕೆಳಗೆ ಅದಕ್ಕೆ ಆಸರೆಯಾದ ರಂಧ್ರಮಯ ಪದರವೂ ಉಳ್ಳ ಪೊರೆಯನ್ನು ತಯಾರಿಸಿದರು. ಆ ಉಪಾಯವೇ ವಾಯುಗಳ ಪೊರೆಗೂ ದಾರಿಯಾಯಿತು. ೧೯೮೦ರಲ್ಲಿ ಮಾನ್ಸಾಂಟೊ ಕಂಪೆನಿಯವರು ಜಲಜನಕವನ್ನು ಬೇರ್ಪಡಿಸುವ ಪೊರೆಯನ್ನು ಮಾರಾಟಕ್ಕೆ ತಂದರು. ಆ ದಶಕದಲ್ಲಿಯೇ ನೆಲದೊಳಗಿನ ಅನಿಲದಿಂದ ಇಂಗಾಲಾಮ್ಲವಾಯುವನ್ನು ತೆಗೆಯುವ ಪೊರೆಗಳೂ ಬಂದವು. ಈ ದಿನ ಗೋಬರ್ ಗ್ಯಾಸಿನ ಸ್ಥಾವರಗಳಿಗೆ ಮಾರುವ ಪೊರೆಗಳು ಬಹುಮಟ್ಟಿಗೆ ಈ ಜಾತಿಯವು, ಎಂದರೆ ಪಾಲಿಮರ್ ಎಂಬ ಪ್ಲಾಸ್ಟಿಕ್ಕಿನ ಜಾತಿಯ ವಸ್ತುವಿನಿಂದ ಮಾಡಿದ, ಕೂದಲೆಳೆಯಂಥ ಟೊಳ್ಳು ದಾರಗಳ ಕಟ್ಟುಗಳು.

ಈ ಪೊರೆಗಳಿಗೆ ಒಂದು ಮಿತಿಯುಂಟು. ಜರಡಿಯ ಕಣ್ಣು ದೊಡ್ಡದಾದರೆ ಕಾಳು ಬೇಗ ಸುರಿಯುವುದು, ಆದರೆ ಕಸವೂ ಬರುವುದು. ಕಣ್ಣು ಚಿಕ್ಕದಾದರೆ ಕಸ ನಿಲ್ಲುವುದು, ಆದರೆ ಕೆಲಸ ಸಾಗದು. ಪಾಲಿಮರ್ ಪೊರೆಯಲ್ಲಿಯೂ ಹೀಗೆಯೇ: ಬೇಗ ಹಾಯಿಸುವುದು ಚೆನ್ನಾಗಿ ಬೇರ್ಪಡಿಸದು, ಚೆನ್ನಾಗಿ ಬೇರ್ಪಡಿಸುವುದು ಬೇಗ ಹಾಯಿಸದು. ಲಾಯ್ಡ್ ರೋಬ್ಸನ್ ಎಂಬ ವಿಜ್ಞಾನಿಯು ೧೯೯೧ರಲ್ಲಿ ಈ ಮಿತಿಯನ್ನು ಗೆರೆಯೆಳೆದು ತೋರಿಸಿ, ೨೦೦೮ರಲ್ಲಿ ಅದನ್ನು ತಿದ್ದಿ ಪ್ರಕಟಿಸಿದರು. ಆ ಗೆರೆಯನ್ನು ದಾಟುವ ಹಂಬಲದಿಂದಲೇ ವಿಜ್ಞಾನಿಗಳು ಅಯಾನಿಕ ದ್ರವಗಳ ಕಡೆಗೆ ತಿರುಗಿದರು.

ಅಯಾನಿಕ ದ್ರವವೆಂದರೇನು

ಅಡಿಗೆಯ ಉಪ್ಪು ಧನವಿದ್ಯುತ್ತುಳ್ಳ ಕಣಗಳೂ ಋಣವಿದ್ಯುತ್ತುಳ್ಳ ಕಣಗಳೂ ಸಾಲುಸಾಲಾಗಿ ಬಿಗಿದುಕೊಂಡು ಆದ ಹರಳು. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಬಿಗಿತವು ಬಲವಾಗಿರುವುದರಿಂದ ಉಪ್ಪನ್ನು ನೀರಿಲ್ಲದೆ ಕಾಯಿಸಿ ಕರಗಿಸಬೇಕಾದರೆ ೮೦೧ ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದರೆ ಕಣಗಳು ದೊಡ್ಡವೂ ಸೊಟ್ಟಾದ ಆಕಾರದವೂ ಆಗಿದ್ದರೆ ಅವು ಸಾಲಾಗಿ ಕೂರಲಾರವು. ಸಮನಾದ ಇಟ್ಟಿಗೆಗಳಿಂದ ಗೋಡೆ ಏಳುವುದು; ಗುಂಡುಕಲ್ಲು ಚಪ್ಪಟೆಕಲ್ಲುಗಳನ್ನು ಬೆರಸಿದರೆ ಜಾರುವುದು. ಹೀಗೆ ಗಟ್ಟಿಕಟ್ಟಲಾರದೆ ಸಾಧಾರಣ ಶಾಖದಲ್ಲಿಯೇ ದ್ರವವಾಗಿ ಉಳಿಯುವ ಲವಣಗಳಿಗೆ ಅಯಾನಿಕ ದ್ರವಗಳೆಂದು ಹೆಸರು. ೧೦೦ ಡಿಗ್ರಿಗಿಂತ ಕಡಮೆ ಶಾಖದಲ್ಲಿ ಕರಗುವ ಲವಣಗಳೆಲ್ಲವನ್ನೂ ಈ ಗುಂಪಿಗೆ ಸೇರಿಸುವುದು ವಾಡಿಕೆ. ಇದು ಉಪ್ಪು ಕರಗಿದ ನೀರಲ್ಲ. ನೀರಿಲ್ಲದೆ ತಾನೇ ದ್ರವವಾಗಿರುವ ಉಪ್ಪು ಎಂಬುದನ್ನು ಗಮನದಲ್ಲಿಡಬೇಕು.

೧೯೧೪ರಲ್ಲಿ ಪೌಲ್ ವಾಲ್ಡನ್ ಎಂಬ ರಸಾಯನ ಶಾಸ್ತ್ರಜ್ಞರು ೧೨ ಡಿಗ್ರಿ ಶಾಖಕ್ಕೇ ಕರಗುವ ಎಥಿಲ್ ಅಮೋನಿಯಂ ನೈಟ್ರೇಟ್ ಎಂಬ ಲವಣವನ್ನು ವರ್ಣಿಸಿದರು. ಬಹುಕಾಲ ಅದು ಒಂದು ವಿಚಿತ್ರವೆಂದೇ ಉಳಿಯಿತು. ಮುಂದೆ ತಯಾರಾದ ಕೆಲವು ದ್ರವಗಳು ಗಾಳಿಯ ತೇವ ತಗುಲಿದರೆ ಕೆಡುತ್ತಿದ್ದವು. ೧೯೯೨ರಲ್ಲಿ ಜಾನ್ ವಿಲ್ಕ್ಸ್ ಮತ್ತು ಮೈಕೇಲ್ ಜಾವರೊಟ್ಕೊ ಎಂಬವರು ಗಾಳಿಗೂ ನೀರಿಗೂ ಬಹುಮಟ್ಟಿಗೆ ತಡೆಯುವ ದ್ರವಗಳನ್ನು ಪ್ರಕಟಿಸಿದ ಮೇಲೆ ಇವುಗಳ ಅಭ್ಯಾಸವು ಬೆಳೆಯಿತು. ೧೯೯೯ರಲ್ಲಿ ಅಮೆರಿಕದ ಜೋನ್ ಬ್ರೆನೆಕೆ, ಎರಿಕ್ ಬೆಕ್ಮನ್ ಮತ್ತು ಅವರ ಸಂಗಡಿಗರು ಮುಖ್ಯವಾದ ಸಂಗತಿಯೊಂದನ್ನು ಕಂಡುಹಿಡಿದರು: ಒತ್ತಡದಲ್ಲಿ ಇಂಗಾಲಾಮ್ಲವಾಯುವು ಇಂಥ ದ್ರವದಲ್ಲಿ ಧಾರಾಳವಾಗಿ ಕರಗುತ್ತದೆ, ದ್ರವವು ಮಾತ್ರ ಆ ವಾಯುವಿನೊಡನೆ ಕೊಚ್ಚಿಹೋಗುವುದಿಲ್ಲ.

ಇಂಗಾಲಾಮ್ಲವಾಯುವೇ ಹೆಚ್ಚಾಗಿ ಕರಗುವುದಕ್ಕೆ ಕಾರಣವಿದೆ. ಅದರ ಕಣದಲ್ಲಿ ನಡುವೆ ಇಂಗಾಲವೂ ಎರಡು ತುದಿಗಳಲ್ಲಿ ಆಮ್ಲಜನಕವೂ ಇರುತ್ತವೆ. ತುದಿಗಳಿಗೆ ಸ್ವಲ್ಪ ಋಣವಿದ್ಯುತ್ತಿನ ಗುಣ, ನಡುವಿಗೆ ಸ್ವಲ್ಪ ಧನವಿದ್ಯುತ್ತಿನ ಗುಣ. ಆದ್ದರಿಂದ ದ್ರವದ ಅಯಾನುಗಳು ಅದನ್ನು ತಮ್ಮ ಕಡೆಗೆ ಸೆಳೆಯುತ್ತವೆ. ಮೀಥೇನಿನ ಕಣವು ನಾಲ್ಕು ಕಡೆಗೂ ಒಂದೇ ಸಮವಾಗಿರುವುದರಿಂದ ಅದಕ್ಕೆ ಈ ಸೆಳೆತ ಅಷ್ಟಾಗಿ ತಾಗದು.

ದ್ರವವನ್ನು ಪೊರೆಯಾಗಿಸುವ ಬಗೆ

ದ್ರವವು ತಾನಾಗಿ ಪೊರೆಯಂತೆ ನಿಲ್ಲಲಾರದು. ಆದ್ದರಿಂದ ಸೂಕ್ಷ್ಮ ರಂಧ್ರಗಳುಳ್ಳ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದುಕೊಂಡು ಅದಕ್ಕೆ ಅಯಾನಿಕ ದ್ರವವನ್ನು ಕುಡಿಸುತ್ತಾರೆ. ಬತ್ತಿಯ ಎಳೆಗಳ ನಡುವೆ ಎಣ್ಣೆಯು ನಿಲ್ಲುವಂತೆ, ಆ ರಂಧ್ರಗಳಲ್ಲಿ ದ್ರವವು ನಿಂತುಕೊಳ್ಳುತ್ತದೆ. ಒಂದು ಕಡೆಯಿಂದ ಗೋಬರ್ ಗ್ಯಾಸನ್ನು ಒತ್ತಡದಿಂದ ಹಾಯಿಸಿದರೆ, ಇಂಗಾಲಾಮ್ಲವಾಯುವು ದ್ರವದಲ್ಲಿ ಕರಗಿ ಆಚೆಯ ಕಡೆಗೆ ಹೋಗುತ್ತದೆ. ಮೀಥೇನಿನ ಬಹುಭಾಗವು ಈಚೆಯಲ್ಲಿಯೇ ಉಳಿದು ಮುಂದಕ್ಕೆ ಹರಿಯುತ್ತದೆ.

ಇದೇ ಕೆಲಸಕ್ಕೆ ನೀರನ್ನೋ ಅಮೀನ್ ದ್ರಾವಣವನ್ನೋ ರಂಧ್ರಗಳಿಗೆ ತುಂಬಿದರೆ ಕೆಲವು ಕಾಲದಲ್ಲಿ ಅದು ಆವಿಯಾಗಿ ಹೋಗಿ ಪೊರೆಯು ಒಣಗುವುದು. ಅಯಾನಿಕ ದ್ರವಗಳಾದರೋ ಸಾಧಾರಣ ಶಾಖದಲ್ಲಿ ಆವಿಯಾಗುವುದು ಇಲ್ಲವೆಂಬಷ್ಟು ಕಡಮೆ. ಇದೇ ಇವುಗಳ ಹೆಚ್ಚುಗಾರಿಕೆ. ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ ಸಾಮಾನ್ಯ ದ್ರವಗಳ ಪೊರೆಗಳು ಮೀಥೇನಿಗಿಂತ ಇಂಗಾಲಾಮ್ಲವಾಯುವನ್ನು ಸುಮಾರು ೧೦ರಿಂದ ೩೦ ಪಟ್ಟು ಸುಲಭವಾಗಿ ಹಾಯಗೊಡುತ್ತವೆ. ೨೦೦೨ರಲ್ಲಿ ಜೇಮ್ಸ್ ಡೇವಿಸ್ ಮತ್ತು ಸಂಗಡಿಗರು ದ್ರವದ ಕಣಕ್ಕೇ ಅಮೀನಿನ ಅಂಶವನ್ನು ಜೋಡಿಸಿ, ಇಂಗಾಲಾಮ್ಲವಾಯುವನ್ನು ಹಿಡಿಯುವ ಶಕ್ತಿಯನ್ನು ಇನ್ನೂ ಹೆಚ್ಚಿಸಿದರು.

ಕುಂದುಗಳು

ಗುಣಗಳನ್ನು ಹೇಳಿದ ಮೇಲೆ ಕುಂದುಗಳನ್ನೂ ಹೇಳುವುದು ನ್ಯಾಯ. ಮೊದಲನೆಯದಾಗಿ, ರಂಧ್ರದಲ್ಲಿ ನಿಂತ ದ್ರವವು ಒತ್ತಡ ಮಿತಿಮೀರಿದರೆ ಆಚೆಗೆ ತಳ್ಳಲ್ಪಡುತ್ತದೆ. ಹಾಗೆ ಒಂದೊಂದು ರಂಧ್ರವು ಬರಿದಾದರೂ ಅದರ ಮೂಲಕ ಒಳ್ಳೆಯ ವಾಯು ಕೆಟ್ಟ ವಾಯು ಎಲ್ಲವೂ ನುಗ್ಗಿ ಹೋಗುವುವು. ಕೆರೆಯ ಏರಿಯಲ್ಲಿ ಬಿಲ ಬಿದ್ದಂತೆ. ಎರಡನೆಯದಾಗಿ, ಈ ದ್ರವಗಳು ನೀರಿಗಿಂತ ಬಹಳ ಮಂದವಾದವು. ಅವುಗಳಲ್ಲಿ ವಾಯುವು ಸರಿಯುವುದೂ ನಿಧಾನ. ಅಮೀನ್ ಸೇರಿಸಿದ ದ್ರವಗಳು ಇಂಗಾಲಾಮ್ಲವಾಯುವನ್ನು ಹಿಡಿದ ಮೇಲೆ ಇನ್ನೂ ಮಂದವಾಗಿ ಅಂಟಿನಂತಾಗುವುದುಂಟು. ಮೂರನೆಯದಾಗಿ, ತೊಟ್ಟಿಯಿಂದ ಬರುವ ಅನಿಲವು ನೀರಿನ ಆವಿಯಿಂದ ತುಂಬಿರುತ್ತದೆ. ದ್ರವವು ತೇವವನ್ನು ಹೀರಿಕೊಂಡು ಗುಣ ಬದಲಾಯಿಸಬಹುದು. ಫ್ಲೂರಿನ್ ಉಳ್ಳ ಕೆಲವು ಜಾತಿಯವು ನೀರು ತಗುಲಿ ಒಡೆದು ತೀಕ್ಷ್ಣವಾದ ಆಮ್ಲವನ್ನು ಹುಟ್ಟಿಸುವುದೂ ಉಂಟು. ನಾಲ್ಕನೆಯದಾಗಿ, ಈ ದ್ರವಗಳ ಬೆಲೆಯು ಸಾಧಾರಣ ದ್ರಾವಣಗಳಿಗಿಂತ ಬಹಳ ಹೆಚ್ಚು. ಕೆಲವು ಜಾತಿಯವು ನೀರಿನ ಜೀವಿಗಳಿಗೆ ವಿಷವೂ ಹೌದು, ಕಾಲುವೆಗೆ ಬಿಡತಕ್ಕವಲ್ಲ.

ಇವುಗಳಿಗೆ ಪರಿಹಾರಗಳನ್ನು ಹುಡುಕುವ ಕೆಲಸವು ನಡೆದಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೦೭ರ ಹೊತ್ತಿಗೆ ಅಯಾನಿಕ ದ್ರವದ ಕಣಗಳನ್ನೇ ಸರಪಣಿಯಂತೆ ಜೋಡಿಸಿ ಗಟ್ಟಿ ಪೊರೆಯನ್ನು ಮಾಡಿ ತೋರಿಸಿದರು. ದ್ರವವನ್ನು ಲೋಳೆಯಂತೆ ಹೆಪ್ಪುಗಟ್ಟಿಸಿ ರಂಧ್ರದಿಂದ ಜಾರದಂತೆ ಮಾಡುವ ಪ್ರಯತ್ನಗಳೂ ಇವೆ. ಗಟ್ಟಿಯಾದಷ್ಟೂ ಪೊರೆಯು ಬಾಳುವುದು, ಆದರೆ ವಾಯು ಹಾಯುವುದು ನಿಧಾನವಾಗುವುದು. ಈ ಎರಡರ ನಡುವೆ ಹದ ಕಂಡುಕೊಳ್ಳುವುದೇ ಕೆಲಸವಾಗಿದೆ.

ಅಯಾನಿಕ ದ್ರವಗಳು ಕೈಗಾರಿಕೆಯಲ್ಲಿ ಕಾಲಿಟ್ಟೇ ಇಲ್ಲವೆಂದು ತಿಳಿಯಕೂಡದು. ಮಲೇಷ್ಯಾ ದೇಶದ ಪೆಟ್ರೊನಾಸ್ ಕಂಪೆನಿಯವರು ಬೆಲ್ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದವರೊಡನೆ ಸೇರಿ, ನೆಲದೊಳಗಿನ ಅನಿಲದಲ್ಲಿರುವ ಪಾದರಸವನ್ನು ತೆಗೆಯಲು, ರಂಧ್ರಗಳುಳ್ಳ ಹರಳುಗಳಿಗೆ ಇಂಥ ದ್ರವವನ್ನು ಕುಡಿಸಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದಿರುವರು. ಆದರೆ ಅದು ಹರಳುಗಳ ರಾಶಿಯೇ ಹೊರತು ಪೊರೆಯಲ್ಲ. ಗೋಬರ್ ಗ್ಯಾಸನ್ನು ಶೋಧಿಸುವ ಅಯಾನಿಕ ದ್ರವದ ಪೊರೆಯು ಮುಖ್ಯವಾಗಿ ಪ್ರಯೋಗಶಾಲೆಯ ಮತ್ತು ಸಣ್ಣ ಪರೀಕ್ಷೆಗಳ ವಸ್ತುವಾಗಿಯೇ ಇದೆ. ತತ್ತ್ವವು ನಿಜ, ಆದರೆ ವರ್ಷಗಟ್ಟಲೆ ಹಳ್ಳಿಯ ತೊಟ್ಟಿಯ ಒದ್ದೆ ಅನಿಲದಲ್ಲಿ ಬಾಳಿ ತೋರಿಸುವ ಪರೀಕ್ಷೆಯು ಅದರ ಮುಂದಿದೆ. ಆದುದರಿಂದ ಯಾರಾದರೂ ಇದೇ ಪೊರೆಯನ್ನು ಹಾಕಿಸಿಕೊಡುವೆವೆಂದು ಮುಂಗಡ ಕೇಳಿದರೆ ಬಹಳ ಎಚ್ಚರಿಕೆಯಿಂದ ನಡೆದುಕೊಳ್ಳತಕ್ಕದ್ದು.

ಸೆಗಣಿಯ ಲೆಕ್ಕವೂ ನಷ್ಟದ ಲೆಕ್ಕವೂ

ಯಾವ ಪೊರೆಯಾದರೂ ಸರಿ, ಗ್ರಾಮದವರು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು. ಒಂದು ಕಿಲೋಗ್ರಾಂ ಹಸಿ ಸೆಗಣಿಯಿಂದ ಸುಮಾರು ೦.೦೪ ಘನಮೀಟರು ಅನಿಲ ಬರುತ್ತದೆ. ಹಾಗಾದರೆ ದಿನಕ್ಕೆ ೧೦೦ ಘನಮೀಟರು ಅನಿಲಕ್ಕೆ ೨,೫೦೦ ಕಿಲೋಗ್ರಾಂ ಸೆಗಣಿ ಬೇಕು. ಕೊಟ್ಟಿಗೆಯಲ್ಲಿ ಕಟ್ಟಿದ ದನವೊಂದಕ್ಕೆ ದಿನಕ್ಕೆ ೧೦ ಕಿಲೋಗ್ರಾಮಿನಂತೆ ಹಿಡಿದರೆ ೨೫೦ ದನಗಳ ಸೆಗಣಿ. ಮೇಯಲು ಹೋಗುವ ದನಗಳ ಸೆಗಣಿಯಲ್ಲಿ ಅರ್ಧವು ಗೋಮಾಳದಲ್ಲಿಯೇ ಬೀಳುವುದೆಂಬುದನ್ನು ಮರೆಯಕೂಡದು.

ಆ ೧೦೦ ಘನಮೀಟರಿನಲ್ಲಿ ೬೦ ಮೀಥೇನ್, ೪೦ ಇಂಗಾಲಾಮ್ಲವಾಯು ಎಂದಿಟ್ಟುಕೊಳ್ಳೋಣ. ಪೊರೆಯಲ್ಲಿ ಮೀಥೇನಿನ ಹತ್ತನೆಯ ಒಂದು ಪಾಲು ಆಚೆಗೆ ಹೋಗುವುದಾದರೆ ಉಳಿಯುವುದು ೫೪. ಅದರೊಡನೆ ೬ ಪಾಲು ಇಂಗಾಲಾಮ್ಲವಾಯು ಉಳಿದರೆ ಒಟ್ಟು ೬೦ ಘನಮೀಟರು; ಇದು ನೂರಕ್ಕೆ ೯೦ರ ಅನಿಲ. ತೂಕದಲ್ಲಿ ಇದು ಸುಮಾರು ೪೭ ಕಿಲೋಗ್ರಾಂ. ಎಂದರೆ ಮಾರುವ ಒಂದು ಕಿಲೋಗ್ರಾಂ ಅನಿಲಕ್ಕೆ ಐವತ್ತು ಕಿಲೋಗ್ರಾಮಿಗಿಂತ ಹೆಚ್ಚು ಸೆಗಣಿ ಬೇಕಾಯಿತು. ದಿನಕ್ಕೆ ಒಂದು ಟನ್ ಅನಿಲ ಮಾರುವ ಸ್ಥಾವರಕ್ಕೆ ಸೆಗಣಿಯೊಂದರಿಂದಲೇ ಐದು ಸಾವಿರಕ್ಕೂ ಮೀರಿ ದನಗಳು ಬೇಕಾಗುವುವು. ಒಂದು ಊರಿನಿಂದ ಇದು ಆಗತಕ್ಕ ಕೆಲಸವಲ್ಲ. ಆದ್ದರಿಂದಲೇ ದೊಡ್ಡ ಸ್ಥಾವರಗಳವರು ಸಕ್ಕರೆ ಕಾರ್ಖಾನೆಯ ಮಡ್ಡಿ, ಕೋಳಿಗೊಬ್ಬರ, ಪಟ್ಟಣದ ಕಸ ಮುಂತಾದವನ್ನು ಸೇರಿಸುತ್ತಾರೆ.

ಮೇಲಿನ ಲೆಕ್ಕದಲ್ಲಿ ಆಚೆಗೆ ಹೋದ ೬ ಘನಮೀಟರು ಮೀಥೇನಿನ ತೂಕ ಸುಮಾರು ೪ ಕಿಲೋಗ್ರಾಂ. ಇದು ಬರಿಯ ಹಣದ ನಷ್ಟವಲ್ಲ. ನೂರು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಬಿಸಿಮಾಡುವುದರಲ್ಲಿ ಮೀಥೇನ್ ವಾಯುವು ಅಷ್ಟೇ ತೂಕದ ಇಂಗಾಲಾಮ್ಲವಾಯುವಿಗಿಂತ ಸುಮಾರು ೨೮ ಪಟ್ಟು ಬಲವಾದುದು. ಆ ೪ ಕಿಲೋಗ್ರಾಂ ೧೧೦ ಕಿಲೋಗ್ರಾಂ ಇಂಗಾಲಾಮ್ಲವಾಯುವಿಗೆ ಸಮನಾಯಿತು. ಹೀಗಿರುವಲ್ಲಿ ಆಚೆಗೆ ಹೋದ ವಾಯುವನ್ನು ಸುಮ್ಮನೆ ಗಾಳಿಗೆ ಬಿಡುವ ಸ್ಥಾವರವು ಒಂದು ಕೈಯಿಂದ ಒಳ್ಳೆಯದು ಮಾಡಿ ಇನ್ನೊಂದು ಕೈಯಿಂದ ಕೆಡಿಸಿದಂತೆ. ಎರಡು ಮೂರು ಪೊರೆಗಳನ್ನು ಒಂದರ ಮುಂದೊಂದು ಇಟ್ಟು, ಆಚೆಗೆ ಹೋದುದನ್ನು ಮತ್ತೆ ಹಾಯಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಗ್ಗಿಸಬಹುದು.

ಗಂಧಕದ ವಾಯು ಮತ್ತು ಪ್ರಾಣಾಪಾಯ

ಪೊರೆಗೆ ಬಿಡುವುದಕ್ಕೆ ಮುಂಚೆ ಗಂಧಕದ ವಾಯುವನ್ನು ತೆಗೆಯಲೇಬೇಕು. ಇಲ್ಲವಾದರೆ ಒತ್ತುವ ಯಂತ್ರವೂ ಕೊಳವೆಗಳೂ ಸವೆದುಹೋಗುವುವು. ಕಬ್ಬಿಣದ ತುಕ್ಕಿನ ಚೂರುಗಳನ್ನು ತುಂಬಿದ ಪೆಟ್ಟಿಗೆಯ ಮೂಲಕ ಅನಿಲವನ್ನು ಹಾಯಿಸುವುದು ಹಳೆಯದೂ ಸುಲಭವೂ ಆದ ಕ್ರಮ.

ಈ ವಾಯು ಸ್ವಲ್ಪವಿದ್ದಾಗ ನಾತ ಹೊಡೆಯುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ನಾತ ತಿಳಿಯುವುದಿಲ್ಲ. ನಾತ ನಿಂತಿತೆಂದು ತೊಟ್ಟಿಗೆ ಇಳಿದವರು ಅಲ್ಲಿಯೇ ಬೀಳುವರು. ಅವರನ್ನು ಎತ್ತಲು ಇಳಿದವರೂ ಬೀಳುವರು. ಇಂಗಾಲಾಮ್ಲವಾಯುವೂ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಮೀಥೇನ್ ಗಾಳಿಯಲ್ಲಿ ನೂರಕ್ಕೆ ೫ರಿಂದ ೧೫ ಪಾಲು ಬೆರೆತಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಆದಕಾರಣ ತೊಟ್ಟಿಯೊಳಕ್ಕೆ ಯಾರನ್ನೂ ಇಳಿಸಕೂಡದು, ಹತ್ತಿರದಲ್ಲಿ ಬೀಡಿ ಸೇದಗೊಡಕೂಡದು. ಈ ಕೆಲಸಕ್ಕೆ ಬಡ ಕೂಲಿಯವರನ್ನು ಇಳಿಸಿ ಪ್ರಾಣ ಕಳೆಯುವುದು ಮುಖಂಡರಾದವರಿಗೆ ತಕ್ಕದ್ದಲ್ಲ.

ಕರಾರಿಗೆ ಮೊದಲು ವಿಚಾರಿಸತಕ್ಕ ಅಂಶಗಳು

೧. ಶೋಧನೆಯ ಕ್ರಮ ಯಾವುದು? ಪೊರೆಯಾದರೆ ಅದು ಪಾಲಿಮರಿನದೋ ಅಯಾನಿಕ ದ್ರವದ್ದೋ? ಅದೇ ಪೊರೆಯು ಎಷ್ಟು ವರ್ಷಗಳಿಂದ, ಯಾವ ಊರಿನಲ್ಲಿ ನಡೆಯುತ್ತಿದೆ? ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬರತಕ್ಕದ್ದು.

೨. ನೂರು ಪಾಲು ಮೀಥೇನಿನಲ್ಲಿ ಎಷ್ಟು ಪಾಲು ನಷ್ಟವಾಗುವುದು? ಆ ನಷ್ಟದ ವಾಯುವನ್ನು ಮತ್ತೆ ಹಾಯಿಸುವರೋ, ಉರಿಸುವರೋ, ಗಾಳಿಗೆ ಬಿಡುವರೋ?

೩. ಅನಿಲವನ್ನು ಒತ್ತುವುದಕ್ಕೆ ದಿನಕ್ಕೆ ಎಷ್ಟು ವಿದ್ಯುತ್ತು ಬೇಕು? ವಿದ್ಯುತ್ತು ನಿಂತಾಗ ತೊಟ್ಟಿಯಲ್ಲಿ ಹುಟ್ಟುವ ಅನಿಲದ ಗತಿಯೇನು?

೪. ಗಂಧಕದ ವಾಯುವನ್ನು ತೆಗೆಯುವ ಏರ್ಪಾಡು ಯಾವುದು? ಪೊರೆಯು ಕೆಟ್ಟರೆ ಹೊಸದಕ್ಕೆ ಖರ್ಚು ಯಾರದು?

೫. ಬಗ್ಗಡವು ಯಾರಿಗೆ ಸೇರತಕ್ಕದ್ದು? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅನಿಲವಾಗಿ ಹೋಗುವುದು ಇಂಗಾಲ, ಜಲಜನಕ, ಆಮ್ಲಜನಕಗಳೇ. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಪೈರಿನ ಆಹಾರಗಳು ಬಹುಮಟ್ಟಿಗೆ ಬಗ್ಗಡದಲ್ಲಿಯೇ ಉಳಿಯುತ್ತವೆ. ಅನಿಲವನ್ನು ಮಾರಿದರೆ ಹೊಲಕ್ಕೆ ನಷ್ಟವಿಲ್ಲ; ಬಗ್ಗಡವನ್ನು ಬಿಟ್ಟುಕೊಟ್ಟರೆ ಹೊಲವು ವರ್ಷವರ್ಷಕ್ಕೂ ಬಡವಾಗುವುದು. ಸೆಗಣಿ ಕೊಟ್ಟ ಮನೆಗೆ ಅದರ ಪ್ರಮಾಣಕ್ಕೆ ತಕ್ಕಂತೆ ಬಗ್ಗಡವು ಮರಳಬೇಕೆಂದು ಕರಾರಿನಲ್ಲಿಯೇ ಬರೆಯಿಸತಕ್ಕದ್ದು.

೬. ಜಮೀನಿಲ್ಲದವರೂ ದನ ಸಾಕುವುದುಂಟು. ಅವರ ಸೆಗಣಿಗೆ ಹಣದ ರೂಪದಲ್ಲಿ ಸಲ್ಲತಕ್ಕ ದರವು ಬೇರೆಯಾಗಿ ನಿಶ್ಚಯವಾಗಿದೆಯೇ?

ನಾಲ್ಕಾರು ದನಗಳುಳ್ಳ ಮನೆಯವರು ಪೊರೆಯ ಮಾತಿಗೆ ಕಾಯದೆ ತಮ್ಮ ಹಿತ್ತಿಲಿನಲ್ಲಿಯೇ ಸಣ್ಣ ತೊಟ್ಟಿಯನ್ನು ಕಟ್ಟಿಸಿಕೊಳ್ಳುವುದು ಇಂದಿಗೂ ಉತ್ತಮವಾದ ಮಾರ್ಗ. ನೂರಾರು ದನಗಳುಳ್ಳ ಹಾಲಿನ ಸಂಘಗಳೂ ಸಕ್ಕರೆ ಸೀಮೆಯ ಒಕ್ಕೂಟಗಳೂ ಶೋಧನೆಯ ಸ್ಥಾವರವನ್ನು ಯೋಚಿಸಬಹುದು. ಅವರು ಈಗ ನಡೆದು ತೋರಿಸಿರುವ ಕ್ರಮಗಳಲ್ಲಿ ತಮ್ಮ ನೀರಿಗೂ ಹಣಕ್ಕೂ ತಕ್ಕುದನ್ನು ಆರಿಸಿಕೊಳ್ಳಲಿ. ಅಯಾನಿಕ ದ್ರವದ ಪೊರೆಯು ಬಾಳಿಕೆಯನ್ನೂ ಬೆಲೆಯನ್ನೂ ಸಾಧಿಸಿಕೊಂಡ ದಿನ, ಅದನ್ನು ಈ ಸ್ಥಾವರಗಳಲ್ಲಿಯೇ ಹಳೆಯ ಪೊರೆಯ ಬದಲಿಗೆ ಇಡುವುದಕ್ಕೆ ಅಡ್ಡಿಯಿರಲಾರದು. ಅಲ್ಲಿಯವರೆಗೆ ತೊಟ್ಟಿಗೆ ಹೋದ ಸೆಗಣಿಯ ತೂಕವನ್ನೂ ಹೊಲಕ್ಕೆ ಬಂದ ಬಗ್ಗಡದ ತೂಕವನ್ನೂ ಪ್ರತಿದಿನ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಗ್ರಾಮಸ್ಥರು ಈಗಿನಿಂದಲೇ ಇಟ್ಟುಕೊಳ್ಳತಕ್ಕದ್ದು.